ಬದಲಿ ಫೋನೂ ಆಫ್ ಆಗುತ್ತಿದ್ದರೆ ಹೊಸ ಕ್ಲೇಮ್ ಹಾಕಬೇಡಿ

ವಿಮೆಯಲ್ಲಿ ಬಂದ ಬದಲಿ ಫೋನ್ 30% ಚಾರ್ಜ್ ಇರುವಾಗಲೇ ಆಫ್ ಆಗುತ್ತಿದೆ, ಮತ್ತೆ ಕ್ಲೇಮ್ ಹಾಕಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಹೊಸ ಕ್ಲೇಮ್ ಎಂದರೆ ಸಾಮಾನ್ಯವಾಗಿ ನಿಮ್ಮ ಪಾಲಿನ ಹಣ ಇನ್ನೊಮ್ಮೆ ಕಟ್ಟಬೇಕು, ವರ್ಷದ ಕ್ಲೇಮ್ ಮಿತಿಯಲ್ಲೂ ಒಂದು ಕಳೆಯುತ್ತದೆ. ಬದಲಿ ಫೋನಿಗೆ ಬಹುತೇಕ ಪ್ರತ್ಯೇಕ ವಾರಂಟಿ ಇರುತ್ತದೆ. ಜೊತೆಗೆ ಬಂದ ಕಾಗದದಲ್ಲಿ ಅವಧಿ ನೋಡಿ, "ವಾರಂಟಿ ದೋಷ" ಎಂದೇ ದೂರು ದಾಖಲಿಸಿ.

ಇಂಥ ಫೋನುಗಳು ಹೆಚ್ಚಾಗಿ ರಿಪೇರಿ ಮಾಡಿದ ಹಳೆಯವು. ನೀವು ಹೇಳಿದ ಲಕ್ಷಣ ನೋಡಿದರೆ ಸವೆದ ಬ್ಯಾಟರಿ ಅನ್ನಿಸುತ್ತದೆ: ಒಳಗಿನ ರೋಧ (ವಿದ್ಯುತ್ ಹರಿವಿಗೆ ಅಡ್ಡಿ) ಹೆಚ್ಚಿರುತ್ತದೆ, ಕ್ಯಾಮೆರಾ ತೆರೆದ ಕೂಡಲೇ ವೋಲ್ಟೇಜ್ ಕುಸಿದು ಫೋನ್ ತಾನಾಗಿ ಆಫ್ ಆಗುತ್ತದೆ. ಆಂಡ್ರಾಯ್ಡ್ ಆದರೆ ನೀವು ಹಾಕಿಕೊಂಡ ಆ್ಯಪ್‌ಗಳು ಓಡದ ಸೇಫ್ ಮೋಡ್‌ನಲ್ಲಿ ಒಂದು ದಿನ ಬಳಸಿ. ಅಲ್ಲೂ ಆಫ್ ಆದರೆ ಆ ಆ್ಯಪ್‌ಗಳ ತಪ್ಪಲ್ಲ. ಶೇಕಡಾವಾರು ಕಾಣುವಂತೆ ಇನ್ನೊಂದು ಫೋನಿನಲ್ಲಿ ವಿಡಿಯೋ ಮಾಡಿಡಿ. "ನಮ್ಮಲ್ಲಿ ಸರಿಯಾಗಿಯೇ ಇದೆ" ಎನ್ನುವವರಿಗೆ ಅದೇ ಉತ್ತರ.

ಸಿಮ್ ಟ್ರೇ ತೆಗೆದು ಟಾರ್ಚ್ ಹಾಕಿ ನೋಡಿ. ಅನೇಕ ಮಾಡೆಲ್‌ಗಳಲ್ಲಿ ಒಳಗೆ ಪುಟ್ಟ ಬಿಳಿ ಪಟ್ಟಿ ಇರುತ್ತದೆ, ನೀರು ತಾಗಿದ್ದರೆ ಕೆಂಪಾಗಿರುತ್ತದೆ. ಈಗಾಗಲೇ ಕೆಂಪಾಗಿದ್ದರೆ ಇವತ್ತೇ ವಿಮಾ ಕಂಪನಿಗೆ ಫೋಟೋ ಕಳಿಸಿ, ಇಲ್ಲದಿದ್ದರೆ ಆ ತಪ್ಪು ನಿಮ್ಮ ತಲೆಗೆ ಬರುತ್ತದೆ.

*#06# ಒತ್ತಿ ಬರುವ 15 ಅಂಕಿಯ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಪಾಲಿಸಿಯಲ್ಲಿ ನಮೂದಾಗಿದೆಯೇ? ಅಲ್ಲಿ ಹಳೆಯ ಫೋನಿನದೇ ಉಳಿದಿದ್ದರೆ ಮುಂದಿನ ಕ್ಲೇಮ್ ತಿರಸ್ಕೃತವಾಗಬಹುದು.

ವಾಪಸ್ ಕಳಿಸುವ ಮುನ್ನ ಒಟಿಪಿ ಆ್ಯಪ್ ಮತ್ತು ಇ-ಸಿಮ್ ಬೇರೆ ಫೋನಿಗೆ ಸಾಗಿಸಿ, ಗೂಗಲ್ ಅಥವಾ ಆಪಲ್ ಖಾತೆಯಿಂದ ಸೈನ್ ಔಟ್ ಆಗಿ, ಆಮೇಲೆ ರೀಸೆಟ್ ಮಾಡಿ. ಸೈನ್ ಔಟ್ ಆಗದೆ ರೀಸೆಟ್ ಮಾಡಿದರೆ ಫೋನ್ ನಿಮ್ಮ ಖಾತೆಗೆ ಲಾಕ್ ಆಗಿಯೇ ಉಳಿಯಬಹುದು.