ಓದುಗರ ಪ್ರಶ್ನೆ: ಹೊಸ ಸೆಮಿ-ಆಟೋಮ್ಯಾಟಿಕ್ ಬಂದೂಕನ್ನು ಪಳಗಿಸುವುದು ಹೇಗೆ?

ಪ್ರಶ್ನೆ: ಟೆಕ್ಸಾಸ್‌ನ ಡಲ್ಲಾಸ್ ಬಳಿ ನೆಲೆಸಿರುವ ನಾನು ವಾರಾಂತ್ಯಗಳಲ್ಲಿ ಕ್ಲಬ್ಬಿಗೆ ಹೋಗಿ, ಹಾರುವ ಬಿಲ್ಲೆಗಳಿಗೆ ಗುರಿಯಿಡುವ ಸ್ಕೀಟ್ ಕಲಿಯುತ್ತಿದ್ದೇನೆ. ಈಚೆಗೆ ಇನರ್ಷಿಯಾ ಪದ್ಧತಿಯ, 12 ಬೋರ್‌ನ ಹೊಸ ಸೆಮಿ-ಆಟೋಮ್ಯಾಟಿಕ್ ಶಾಟ್‌ಗನ್ ಕೊಂಡೆ. 28 ಗ್ರಾಂ ಚರೆಯ ಅಗ್ಗದ ತೋಟೆಗಳನ್ನು ಹಾಕಿದಾಗ ಆಗಾಗ ಖಾಲಿ ತೋಟೆ ಹೊರಬೀಳದೆ ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಎಣ್ಣೆಯನ್ನು ಧಾರಾಳವಾಗಿ ಹಾಕಿದರೆ ಸರಿಹೋಗುತ್ತದೆಂದು ಅಂಗಡಿಯವರು ಹೇಳಿದರು. ಬಂದೂಕಿನಲ್ಲೇ ದೋಷವಿರಬಹುದೇ? ಎಷ್ಟು ಸಲ ಬಿಚ್ಚಿ ಶುಚಿಗೊಳಿಸಬೇಕು?

ಉತ್ತರ: ದೋಷವಿದೆಯೆಂದು ಈಗಲೇ ತೀರ್ಮಾನಿಸಬೇಡಿ. ಆದರೆ ಎಣ್ಣೆಯ ವಿಷಯದಲ್ಲಿ ಅಂಗಡಿಯವರ ಮಾತನ್ನು ಖಂಡಿತ ಕೇಳಬೇಡಿ.

ಸೆಮಿ-ಆಟೋಮ್ಯಾಟಿಕ್ ಶಾಟ್‌ಗನ್‌ಗಳಲ್ಲಿ ಈಗ ಮುಖ್ಯವಾಗಿ ಎರಡು ಬಗೆಗಳಿವೆ. ರೆಮಿಂಗ್ಟನ್ 1100, ಬೆರೆಟ್ಟಾ ಎ400 ಮೊದಲಾದವು ನಳಿಕೆಯ ಸಣ್ಣ ರಂಧ್ರಗಳಿಂದ ಬರುವ ಅನಿಲದ ಬಲದಿಂದ ಬೋಲ್ಟನ್ನು, ಅಂದರೆ ನಳಿಕೆಯ ಬುಡವನ್ನು ಮುಚ್ಚುವ ಜಾರುಭಾಗವನ್ನು, ಹಿಂದಕ್ಕೆ ದೂಡುತ್ತವೆ. ನಿಮ್ಮದು ಬೆನೆಲಿ ಕಂಪನಿ ಹೆಸರುವಾಸಿ ಮಾಡಿದ ಇನ್ನೊಂದು ಬಗೆ. ಈಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ಬೋಲ್ಟಿನ ಭಾರವಾದ ಭಾಗ ಮಾತ್ರ ಜಡತ್ವದಿಂದ ಇದ್ದಲ್ಲೇ ಉಳಿಯಲು ನೋಡುತ್ತದೆ, ಹೀಗಾಗಿ ಅದಕ್ಕೂ ಬೋಲ್ಟಿನ ತಲೆಗೂ ನಡುವಿರುವ ಗಟ್ಟಿ ಸ್ಪ್ರಿಂಗ್ ಅದುಮಿಕೊಂಡು, ಮರುಕ್ಷಣ ಅರಳಿ ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಅಂದರೆ ಒದೆತವೇ ಈ ಯಂತ್ರದ ಇಂಧನ. 28 ಗ್ರಾಂ ತೋಟೆಯ ಒದೆತ ಕಡಿಮೆ. ಸ್ಪ್ರಿಂಗ್‌ಗಳು ಹೊಸತು, ಜಾರುವ ಅಂಚುಗಳು ಇನ್ನೂ ಒರಟು, ಕಾರ್ಖಾನೆಯಲ್ಲಿ ತುಕ್ಕು ತಡೆಯಲು ಬಳಿದ ದಪ್ಪ ಜಿಡ್ಡು ಬೇರೆ. ಇವೆಲ್ಲ ಸೇರಿದರೆ ಆ ಅಲ್ಪ ಬಲ ಸಾಲದೆ ಹೋಗುತ್ತದೆ.

ಆದ್ದರಿಂದ ಮೊದಲ ಕೆಲಸ ಆ ಜಿಡ್ಡನ್ನು ತೆಗೆಯುವುದು. ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ತೋಟೆ ತುಂಬಿಡುವ ಮ್ಯಾಗಝೀನ್ ಮತ್ತು ನಳಿಕೆಯ ಬುಡ ಎರಡೂ ಖಾಲಿಯಿವೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಮೇಲೆ, ಕೈಪಿಡಿಯಲ್ಲಿ ತೋರಿಸಿದಷ್ಟೇ ಬಿಚ್ಚಿ. ಬೋಲ್ಟು, ಅದು ಜಾರುವ ಹಳಿಗಳು, ಮ್ಯಾಗಝೀನ್ ಕೊಳವೆಯ ಹೊರಮೈ ಇವನ್ನು ದ್ರಾವಕದಿಂದ ಒರೆಸಿ ಒಣಗಿಸಿ, ಬಳಿಕ ಬಟ್ಟೆಗೆ ಒಂದೆರಡು ಹನಿ ಎಣ್ಣೆ ಹಾಕಿ ಲೇಪಿಸಿದರೆ ಸಾಕು. ಬೆರಳು ಸವರಿದರೆ ನುಣುಪು ತಿಳಿಯಬೇಕು, ಬೆರಳು ಒದ್ದೆಯಾಗಬಾರದು. ಹೆಚ್ಚಿನ ಎಣ್ಣೆ ಅರೆಬೆಂದ ಮದ್ದಿನ ಪುಡಿಯೊಂದಿಗೆ ಕಲೆತು ಕಪ್ಪು ಅಂಟಾಗುತ್ತದೆ; ನಿಮ್ಮ ಬೋಲ್ಟನ್ನು ನಿಧಾನಗೊಳಿಸುವುದು ಅದೇ. ಟ್ರಿಗರ್ ಭಾಗವನ್ನು ಇಡಿಯಾಗಿ ಹೊರತೆಗೆದು ಶುಚಿಗೊಳಿಸಬಹುದು, ಅದರೊಳಗಿನ ಸ್ಪ್ರಿಂಗು ಪಿನ್ನುಗಳನ್ನು ಕೆದಕುವುದು ಬೇಡ.

ಅನಂತರ ಪಳಗಿಸುವ ಕೆಲಸ. ಈ ಬಗೆಯ ಬಂದೂಕುಗಳಿಗೆ ಮೊದಲು ಕೆಲವು ಡಬ್ಬಿ ಭಾರವಾದ ತೋಟೆಗಳನ್ನು ಹಾರಿಸುವುದು ರೂಢಿ. ಇಲ್ಲೊಂದು ತೊಡಕಿದೆ: ಬೇಟೆಗೆಂದು ಮಾರುವ 35 ಗ್ರಾಂ ತೋಟೆಗಳಲ್ಲಿ ಚರೆ ದಪ್ಪವಾಗಿರುತ್ತದೆ, ಅದು ದೂರ ಹೋಗುವುದರಿಂದ ಎಷ್ಟೋ ಕ್ಲಬ್ಬುಗಳು ಅದನ್ನು ಬಿಡುವುದಿಲ್ಲ. ನಿಮ್ಮ ಕ್ಲಬ್ಬಿನ ನಿಯಮ ಕೇಳಿಕೊಳ್ಳಿ. ಬಿಡದಿದ್ದರೆ 32 ಗ್ರಾಂ ತೂಕದ, ಸೆಕೆಂಡಿಗೆ 1,200 ಅಡಿ ವೇಗದ, ಏಳೂವರೆ ನಂಬರಿನ ಸಣ್ಣ ಚರೆಯ ತೋಟೆಗಳನ್ನು ಬಳಸಿ. 25 ತೋಟೆಗಳ ನಾಲ್ಕೈದು ಡಬ್ಬಿ ಮುಗಿಯುವ ವೇಳೆಗೆ ವ್ಯತ್ಯಾಸ ಕಾಣಬೇಕು. ತೋಟೆಯ ಉದ್ದ ನಳಿಕೆಯ ಮೇಲೆ ಕೊರೆದಿರುವ ಅಳತೆಯನ್ನು ಮೀರಬಾರದು. ಹಿಡಿತವೂ ಮುಖ್ಯ: ಬಂದೂಕಿನ ಬುಡವನ್ನು ಹೆಗಲಿಗೆ ಸಡಿಲವಾಗಿ ಆನಿಸಿದರೂ, ಬಂದೂಕಿಗೆ ಹೆಚ್ಚಿನ ತೂಕ ಕಟ್ಟಿದರೂ ಯಂತ್ರದ ಲೆಕ್ಕ ತಪ್ಪುತ್ತದೆ. ಹಾಗೆಯೇ ಬೋಲ್ಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಬೇಡಿ, ಅದರ ಸ್ಪ್ರಿಂಗಿನ ರಭಸಕ್ಕೇ ಬಿಡಿ. ಮೆಲ್ಲಗೆ ಮುಚ್ಚಿದರೆ ಬೋಲ್ಟಿನ ತಲೆ ಪೂರ್ತಿ ತಿರುಗಿ ಕಚ್ಚಿಕೊಳ್ಳದೆ, ಟ್ರಿಗರ್ ಒತ್ತಿದಾಗ ಬರೀ ‘ಟಕ್’ ಎಂದು ಸುಮ್ಮನಾಗಬಹುದು.

ಅಗ್ಗದ ತೋಟೆಗಳ ಇನ್ನೊಂದು ಗುಣವನ್ನೂ ಹೇಳಬೇಕು. ಅವುಗಳಲ್ಲಿ ಎಷ್ಟೋ ತೋಟೆಗಳ ಬುಡ ಹಿತ್ತಾಳೆಯದಲ್ಲ, ಉಕ್ಕಿನದು. ನಳಿಕೆ ಕಾದಾಗ ಅದು ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುವುದುಂಟು. ತೋಟೆ ಕೂರುವ ಜಾಗವನ್ನು ಅದರ ಅಳತೆಯ ಕಂಚಿನ ಬ್ರಷ್‌ನಿಂದ ಪ್ರತ್ಯೇಕವಾಗಿ ತಿಕ್ಕಿ. ನಳಿಕೆಯನ್ನು ಫಳಫಳ ಹೊಳೆಯುವಂತೆ ಉಜ್ಜುವವರೂ ಈ ಜಾಗವನ್ನು ಮರೆಯುತ್ತಾರೆ.

ಇನರ್ಷಿಯಾ ಬಂದೂಕಿನಲ್ಲಿ ಹೊಗೆ ಮಸಿ ಹೆಚ್ಚಾಗಿ ನಳಿಕೆಯಲ್ಲೇ ಉಳಿಯುವುದರಿಂದ, ಆಟದ ದಿನ ನಳಿಕೆಯನ್ನು ಒರೆಸಿ ಹೊರಮೈಯ ಬೆವರು ತೆಗೆದರೆ ಸಾಕು. ಒಳಗಿನ ಪೂರ್ಣ ಶುಚಿಯನ್ನು ಕೆಲವು ನೂರು ಈಡುಗಳಿಗೊಮ್ಮೆ ಮಾಡಬಹುದು. ಅನಿಲದ ಬಗೆಯಾಗಿದ್ದರೆ ಪಿಸ್ಟನ್ನು, ರಂಧ್ರಗಳು ಎಂದು ಕೆಲಸ ಬೆಳೆಯುತ್ತಿತ್ತು. ಚರೆ ಎಷ್ಟು ಹರಡಬೇಕೆಂಬುದನ್ನು ನಿರ್ಧರಿಸುವ, ನಳಿಕೆಯ ತುದಿಯ ಚೋಕ್ ಕೊಳವೆಯನ್ನು ಬಿಚ್ಚಿ ಎಳೆಗಳಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಆಟದ ನಡುವೆ ಬಂದೂಕನ್ನು ಖಾಲಿ ಮಾಡಿ ಅದು ಸಡಿಲವಾಗಿದೆಯೇ ನೋಡುತ್ತಿರಿ. ಚೋಕ್ ಇಲ್ಲದೆ ಎಂದೂ ಈಡು ಹಾರಿಸಬೇಡಿ. ಎಂದಾದರೂ ಈಡಿನ ಸದ್ದು ‘ಟುಸ್’ ಎಂದು ಕುಗ್ಗಿ ಕೇಳಿದರೆ ತಕ್ಷಣ ನಿಲ್ಲಿಸಿ, ಖಾಲಿ ಮಾಡಿ, ನಳಿಕೆಯೊಳಗೆ ಬೆಳಕು ಹಾಯುತ್ತದೆಯೇ ಪರೀಕ್ಷಿಸಿ. ಒಳಗೆ ವ್ಯಾಡ್, ಅಂದರೆ ತೋಟೆಯಲ್ಲಿ ಮದ್ದಿಗೂ ಚರೆಗೂ ನಡುವಿರುವ ಪ್ಲಾಸ್ಟಿಕ್ ತುಂಡು, ಸಿಕ್ಕಿಕೊಂಡಿದ್ದರೆ ಮುಂದಿನ ಈಡು ನಳಿಕೆಯನ್ನೇ ಸೀಳಬಲ್ಲದು.

ಪಳಗಿದ ಮೇಲೂ 32 ಗ್ರಾಂ ತೋಟೆಯೇ ಸಿಕ್ಕಿಕೊಳ್ಳುತ್ತಿದ್ದರೆ ಆಗ ವಾರಂಟಿ ಚೀಟಿ ಹಿಡಿದು ಹೊರಡಿ, ಅಲ್ಲಿಯವರೆಗೆ ಬೇಡ.

ಪ್ರಶ್ನೆ: ವಿರಾಜಪೇಟೆಯ ನಮ್ಮ ಮನೆಯಲ್ಲಿ ಜೋಡು ನಳಿಕೆಯ ಕೋವಿಯಿದೆ. ಮಳೆಗಾಲದಲ್ಲಿ ತುಕ್ಕು ಕಾಣಿಸುತ್ತದೆ. ಏನು ಮಾಡಬೇಕು?

ಉತ್ತರ: ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿಟ್ಟಿದ್ದರೆ ಮೊದಲು ಹೊರತೆಗೆಯಿರಿ, ಚೀಲವೇ ತೇವ ಹೀರಿ ಕೋವಿಗೆ ಕೊಡುತ್ತದೆ. ಬೀಗವಿರುವ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು, ಅವು ತೇವ ಹೀರಿದಂತೆ ಬದಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸಿ. ಎಣ್ಣೆ ಹಾಕಿದ ರಾತ್ರಿ ನಳಿಕೆಯ ಬಾಯಿ ಕೆಳಗಾಗುವಂತೆ ನಿಲ್ಲಿಸಿದರೆ ಎಣ್ಣೆ ಮರದೊಳಗೆ ಇಳಿದು ಅದನ್ನು ಮೆತ್ತಗಾಗಿಸುವುದು ತಪ್ಪುತ್ತದೆ. ಕೊಡವರು ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯ ಬಾಯಿಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸುವುದು ವಾಡಿಕೆಯಷ್ಟೆ. ಪೂಜೆ ಮುಗಿಸಿ ತೆಂಗಿನಕಾಯಿಗೆ ಗುರಿಯಿಡುವ ಮೊದಲು ಕೋವಿಯನ್ನು ಮಡಿಚಿ, ಬುಡದ ಕಡೆಯಿಂದ ಎರಡೂ ನಳಿಕೆಗಳಲ್ಲಿ ಇಣುಕಿ, ದಂಟಿನ ಒಂದು ಚೂರೂ ಉಳಿದಿಲ್ಲವೆಂದು ನೋಡಿದ ಮೇಲೆಯೇ ತೋಟೆ ಹಾಕಿ.