ಗಿಡ್ಡ ಇರೋದು ಯಾವ ಕಾಲು, ಅದನ್ನು ಮೊದಲು ಹೇಳಿ

ಚಿಕ್ಕಂದಿನಲ್ಲಿ ತೊಡೆ ಮೂಳೆ ಮುರಿದಿತ್ತು, ಈಗ 24 ವರ್ಷ, ಆ ಕಾಲು ಒಂದೂವರೆ ಸೆಂಟಿಮೀಟರ್ ಗಿಡ್ಡ, ಓಡಿದರೆ ಸೊಂಟ ನೋಯುತ್ತೆ, ಓಟ ಬಿಡಬಾರದು ಅಂದ್ರೆ ಆಪರೇಷನ್ ಮಾಡಿಸಲಾ ಅಂತ ಕೇಳಿದ್ದೀರಿ. ಉತ್ತರ ಆಮೇಲೆ. ಆ ಕಾಲೇ ಗಿಡ್ಡ ಅಂತ ನಿಮಗೆ ಯಾರು ಹೇಳಿದರು?

ನಾನು ಐದನೇ ವಯಸ್ಸಿನಲ್ಲಿ ಎತ್ತಿನ ಗಾಡಿಯಿಂದ ಬಿದ್ದವನು. ಬಲತೊಡೆ ಮುರಿಯಿತು. ಸೊಂಟದ ತನಕ ಪ್ಲಾಸ್ಟರ್ ಹಾಕಿ ಮಲಗಿಸಿದರು. ಮೂಳೆ ಕೂಡಿತು, ಆದರೆ ನಡಿಗೆಯಲ್ಲಿ ಸಣ್ಣ ವಾಲು ಉಳಿಯಿತು. "ಮುರಿದ ಕಾಲಲ್ವಾ, ಗಿಡ್ಡ ಆಗೈತೆ" ಅಂತ ಅಜ್ಜಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ನಾನೂ ಅದನ್ನೇ ನಂಬಿ ಬೆಳೆದೆ.

23ಕ್ಕೆ ಪೊಲೀಸ್ ಕಾನ್‌ಸ್ಟೇಬಲ್ ಆಗೋ ಹುಚ್ಚು ಹಿಡಿಯಿತು. 1,600 ಮೀಟರ್, ಆರೂವರೆ ನಿಮಿಷ. ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡು ಬೆಳಗ್ಗೆ ಐದಕ್ಕೆ ಕುಂದವಾಡ ಕೆರೆ ಏರಿ ಮೇಲೆ ಓಡುತ್ತಿದ್ದೆ. 6 ನಿಮಿಷ 10 ಸೆಕೆಂಡಿಗೆ ಬರುತ್ತಿದ್ದೆ. ಪಾಸ್ ಆಗೋಕೆ ಧಾರಾಳ ಸಾಕು. ಸೊಂಟದಲ್ಲಿ ಒಂಚೂರು ನೋವಿತ್ತು, ಅಷ್ಟೇ. ಸುಮ್ನೆ ಇದ್ದಿದ್ದರೆ ಇವತ್ತು ಖಾಕಿ ಹಾಕಿರುತ್ತಿದ್ದೆ.

ಸುಮ್ನೆ ಇರಲಿಲ್ಲ. ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ ಬಲಗಾಲಿನ ಶೂ ಒಳಗೆ ಒಂದು ಸೆಂಟಿಮೀಟರ್ ದಪ್ಪದ ಪಟ್ಟಿ ಹಾಕಿಸಿದೆ. ಅವರದೇನೂ ತಪ್ಪಿಲ್ಲ. "ಯಾವ ಕಾಲು?" ಅಂದರು, "ಬಲ" ಅಂದೆ. ಅಳತೆ ಇಲ್ಲ, ಎಕ್ಸ್‌ರೇ ಇಲ್ಲ, ಅಜ್ಜಿ ಮಾತೊಂದೇ ದಾಖಲೆ.

ಮೊದಲ ವಾರ ನೋವು ಜಾಸ್ತಿ ಆಯಿತು. ಜೊತೆಗೆ ಓಡುವವರು "ಹೊಸದಲ್ವಾ, ಒಗ್ಗುತ್ತೆ" ಅಂದರು. ಎರಡನೇ ವಾರ ಎಡ ಮಂಡಿಯೂ ಹಿಡಿಯಿತು. ಆಗಲಾದರೂ ಆ ಪಟ್ಟಿ ಕಿತ್ತು ಎಸೆಯಬೇಕಿತ್ತು. ನಾನು ಏನು ಮಾಡಿದೆ ಗೊತ್ತಾ? ಏರಿಸಿದ್ದು ಸಾಲಲಿಲ್ಲ ಅಂದುಕೊಂಡು ಇನ್ನೂ ಅರ್ಧ ಸೆಂಟಿಮೀಟರ್ ಹಾಕಿಸಿದೆ. ಅದರ ಮೇಲೆ ಒಂದು ತಿಂಗಳು ಓಡಿದೆ. ಪರೀಕ್ಷೆ ದಿನ ಮೂರನೇ ಸುತ್ತಿನಲ್ಲಿ ಬಲಸೊಂಟ ಹಿಡಿದುಕೊಂಡು ಟ್ರ್ಯಾಕ್ ಅಂಚಿನಲ್ಲಿ ಕೂತೆ. ಎಬ್ಬಿಸಿ ಕರೆದುಕೊಂಡು ಹೋದರು.

ಆಮೇಲೆ ಒಬ್ಬ ಮೂಳೆ ಡಾಕ್ಟರು ನನ್ನನ್ನು ಬರಿಗಾಲಲ್ಲಿ ನಿಲ್ಲಿಸಿ, ಎರಡೂ ಸೊಂಟದ ಮೂಳೆ ಮೇಲೆ ಕೈ ಇಟ್ಟು ನೋಡಿದರು. ಸೊಂಟ ಸಮ ಆಗೋ ತನಕ ತೆಳ್ಳನೆಯ ಮರದ ತುಂಡುಗಳನ್ನು ಒಂದೊಂದಾಗಿ ಎಡಗಾಲಿನ ಕೆಳಗೆ ತಳ್ಳಿದರು. ನಾನು "ಸಾರ್, ಬಲಗಾಲು" ಅಂದೆ. "ಗಿಡ್ಡ ಇರೋದು ಮುರೀದೇ ಇರೋ ಕಾಲು ಕಣಪ್ಪ" ಅಂದರು. ನಿಲ್ಲಿಸಿ ತೆಗೆದ ಉದ್ದದ ಎಕ್ಸ್‌ರೇಯಲ್ಲೂ ಅದೇ ಬಂತು. ಬಲ ತೊಡೆಮೂಳೆ ಎಡದ್ದಕ್ಕಿಂತ 12 ಮಿಲಿಮೀಟರ್ ಉದ್ದ.

ಚಿಕ್ಕ ಮಕ್ಕಳ ತೊಡೆ ಮುರಿದಾಗ ಹೀಗಾಗೋದು ಅಪರೂಪ ಅಲ್ಲವಂತೆ. ಕೂಡುವಾಗ ಆ ಮೂಳೆಗೆ ರಕ್ತದ ಓಡಾಟ ಜಾಸ್ತಿ ಆಗಿ, ಒಂದೆರಡು ವರ್ಷ ಅದು ಇನ್ನೊಂದಕ್ಕಿಂತ ಬೇಗ ಬೆಳೆಯುತ್ತದೆ. ಸುಮಾರು ಒಂದು ಸೆಂಟಿಮೀಟರ್ ಮುಂದೆ ಹೋಗಿಬಿಡುತ್ತದೆ. ಅಂದರೆ ನನಗಿದ್ದ 12 ಮಿಲಿಮೀಟರ್ ವ್ಯತ್ಯಾಸವನ್ನು ನಾನೇ ದುಡ್ಡು ಕೊಟ್ಟು ಮೊದಲು 22, ಆಮೇಲೆ 27 ಮಾಡಿಕೊಂಡಿದ್ದೆ. ನಾಚಿಕೆ ಆಗೋದು ಇನ್ನೊಂದಕ್ಕೆ. ಹೈಸ್ಕೂಲಿನಿಂದಲೂ ನನ್ನ ಪ್ಯಾಂಟಿನ ಎಡಗಾಲಿನ ಅಂಚೇ ನೆಲಕ್ಕೆ ಉಜ್ಜಿ ಹರಿಯುತ್ತಿತ್ತು. ಅಮ್ಮ ಪ್ರತಿ ಸಲ ಅದನ್ನೇ ಮಡಚಿ ಹೊಲಿಯುತ್ತಿದ್ದಳು. ಗಿಡ್ಡ ಕಾಲಿನ ಪ್ಯಾಂಟು ತಾನೇ ನೆಲ ಮುಟ್ಟೋದು? ಇಡೀ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಿಮ್ಮದೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದೂವರೆ ಸೆಂಟಿಮೀಟರ್ ಅಂತ ಬರೆದಿದ್ದೀರಲ್ಲ, ಅದು ಮಂಚದ ಮೇಲೆ ಮಲಗಿಸಿ ಟೇಪ್ ಹಿಡಿದ ಲೆಕ್ಕವಾದರೆ ನಂಬಬೇಡಿ. ಸೊಂಟ ಸ್ವಲ್ಪ ಓರೆಯಾಗಿ ಮಲಗಿದರೂ ಲೆಕ್ಕ ಬದಲಾಗುತ್ತದೆ. ನನ್ನ ಹಾಗೆ ನಿಂತುಕೊಂಡು ಎಕ್ಸ್‌ರೇ ತೆಗೆಸಿ.

ಇನ್ನು ಆಪರೇಷನ್. ಇಷ್ಟಕ್ಕೆ ಬೇಡವೇ ಬೇಡ. ಕಾಲು ಉದ್ದ ಮಾಡೋದು ಅಂದರೆ ಚೆನ್ನಾಗಿರೋ ಮೂಳೆಯನ್ನು ಕತ್ತರಿಸಿ, ದಿನಕ್ಕೆ ಒಂದು ಮಿಲಿಮೀಟರ್‌ನಂತೆ ಎಳೆಯೋದು. ಹದಿನೈದು ಮಿಲಿಮೀಟರ್, ಹದಿನೈದು ದಿನ ಅಂತ ಲೆಕ್ಕ ಹಾಕಬೇಡಿ. ಎಳೆದ ಜಾಗದಲ್ಲಿ ಹೊಸ ಮೂಳೆ ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಹೊರಗಿನಿಂದ ಚೌಕಟ್ಟು ಹಾಕಿದರೆ ಸರಳು ಚುಚ್ಚಿದ ಕಡೆ ಕೀವಾಗಬಹುದು, ಮಂಡಿ ಬಿಗಿಯಬಹುದು. ಉದ್ದ ಕಾಲನ್ನೇ ಕತ್ತರಿಸಿ ಗಿಡ್ಡ ಮಾಡುವುದೂ ಇದೆ. ಆಗ ತೊಡೆಯ ಸ್ನಾಯು ಸಡಿಲವಾಗಿ ಶಕ್ತಿ ಕಮ್ಮಿ ಆಗುತ್ತದೆ. ಓಡೋಕೆ ಅಂತ ಹೋಗಿ ಓಟವನ್ನೇ ಕಳೆದುಕೊಳ್ಳುವ ದಾರಿ ಅದು. ಐದು ಸೆಂಟಿಮೀಟರ್ ದಾಟಿದವರ ಕಥೆ ಬೇರೆ, ಅವರ ಬಗ್ಗೆ ನಾನು ಮಾತಾಡಲ್ಲ. ಉಸೇನ್ ಬೋಲ್ಟ್‌ನ ಬಲಗಾಲು ಎಡಕ್ಕಿಂತ ಅರ್ಧ ಇಂಚು ಗಿಡ್ಡ. 2009ರಲ್ಲಿ ಬರ್ಲಿನ್‌ನಲ್ಲಿ ಅದೇ ಕಾಲುಗಳಲ್ಲಿ 100 ಮೀಟರನ್ನು 9.58 ಸೆಕೆಂಡಿಗೆ ಓಡಿದ.

ನೀವು ಓಡುವ ದಾರಿಯನ್ನೂ ಒಮ್ಮೆ ನೋಡಿ. ಡಾಂಬರು ರಸ್ತೆ ಅಂಚಿನ ಕಡೆಗೆ ಇಳಿಜಾರಾಗಿರುತ್ತದೆ. ದಿನಾ ಒಂದೇ ಬದಿ ಓಡಿದರೆ ಕಾಲು ಸಮ ಇರುವವನಿಗೂ ಸೊಂಟ ಹಿಡಿಯಬಹುದು. ನಾನು ಈಗಲೂ ಕೆರೆ ಏರಿ ಮೇಲೇ ಓಡುತ್ತೇನೆ.

ಎಕ್ಸ್‌ರೇ ಆದಮೇಲೆ ಪಟ್ಟಿ ಹಾಕಿಸುವುದಾದರೆ ಮೂರು ಮಿಲಿಮೀಟರ್‌ನಿಂದ ಶುರು ಮಾಡಿ. ಕೆಲವು ವಾರ ಬಿಟ್ಟು ಇನ್ನೊಂದು ಪದರ. ಪೂರ್ತಿ ಸರಿಗಟ್ಟುವ ಹಟ ಬೇಡ. ನನ್ನ 12ಕ್ಕೆ ಈಗ ಇರೋದು ಬರೀ 6. ಭಾನುವಾರ ಹತ್ತು ಕಿಲೋಮೀಟರ್ ಓಡಿ, ಬೆಣ್ಣೆ ದೋಸೆ ತಿಂದು ಮನೆಗೆ ಹೋಗುತ್ತೇನೆ.

ಪಟ್ಟಿ ಹಾಕಿಕೊಡುವವರು ಈಗಲೂ ಆ ಚಪ್ಪಲಿ ಹೊಲಿಯುವವರೇ. ಹೊಸ ಶೂ ತಗೊಂಡು ಹೋದಾಗಲೆಲ್ಲ ಎರಡೂ ಕೈಯಲ್ಲಿ ಒಂದೊಂದು ಹಿಡಿದು ಕೇಳುತ್ತಾರೆ: "ಎಡಗಾಲೇ ತಾನೇ ಸಾರ್? ಗ್ಯಾರಂಟಿನಾ?"