‘ಯೈ’ ಕಲಿತು ಹೋದರೆ ಊರೆಲ್ಲ ‘ಆ್ಯ’ ಅನ್ನುತ್ತಿದೆ!

ಓದುಗರ ಪತ್ರ: ಆ್ಯಪ್‌ನಲ್ಲಿ ನಾರ್ವೇಜಿಯನ್ ಕಲಿತು ಕೆಲಸಕ್ಕೆಂದು ನಾರ್ವೆಯ ಟ್ರಾಂಡ್‌ಹೈಮ್‌ಗೆ ಬಂದೆ. ‘ನಾನು’ ಅನ್ನೋದಕ್ಕೆ ‘ಯೈ’ ಅಂತ ಕಲಿತಿದ್ದೆ, ಇಲ್ಲಿ ಎಲ್ಲರೂ ‘ಆ್ಯ’ ಅನ್ನುತ್ತಾರೆ. ಮೀಟಿಂಗ್‌ನಲ್ಲಿ ಅರ್ಧಕ್ಕರ್ಧ ತಿಳಿಯುವುದಿಲ್ಲ. ಶುದ್ಧ ನಾರ್ವೇಜಿಯನ್ ಎಲ್ಲಿ ಸಿಗುತ್ತದೆ? ನಾನೂ ಇವರ ಹಾಗೇ ಮಾತಾಡಬೇಕಾ?

ಸಂಪಾದಕರ ಉತ್ತರ:

ಆ್ಯಪ್ ನಿಮಗೆ ತಪ್ಪು ಕಲಿಸಿಲ್ಲ, ನಿಮ್ಮ ಸಹೋದ್ಯೋಗಿಗಳೂ ತಪ್ಪು ಮಾತಾಡುತ್ತಿಲ್ಲ. ನೀವು ಹುಡುಕುತ್ತಿರುವ ‘ಶುದ್ಧ’ ಮಾತೇ ಅಲ್ಲಿಲ್ಲ, ಅಷ್ಟೇ. ನಾರ್ವೆಯಲ್ಲಿ ಬರವಣಿಗೆಗೆ ಎರಡು ಅಧಿಕೃತ ರೂಪಗಳಿವೆ, ಬೂಕ್‌ಮೋಲ್ ಮತ್ತು ನ್ಯುನೊರ್ಸ್ಕ್. ಮಾತಿಗೆ ಒಂದೂ ಇಲ್ಲ. ಸಂಸತ್ತಿನಲ್ಲೂ ಟಿವಿಯಲ್ಲೂ ಜನ ತಮ್ಮೂರಿನ ಮಾತನ್ನೇ ಆಡುತ್ತಾರೆ. ಮಕ್ಕಳಿಗೆ ಆದಷ್ಟೂ ಅವರ ಆಡುಮಾತಿನಲ್ಲೇ ಪಾಠ ಹೇಳಬೇಕು ಅಂತ 1878ರಲ್ಲೇ ಅಲ್ಲಿ ತೀರ್ಮಾನವಾಗಿತ್ತು.

ಇದಕ್ಕೆ ಹಿನ್ನೆಲೆ ಇದೆ. 1814ರವರೆಗೆ ನಾರ್ವೆ ಡೆನ್ಮಾರ್ಕ್‌ನ ಕೈಕೆಳಗಿತ್ತು, ಬರೆಯುತ್ತಿದ್ದದ್ದು ಡೇನಿಷ್. ಅದೇ ಡೇನಿಷ್ ನಿಧಾನವಾಗಿ ನಾರ್ವೆಯ ಮಾತಿಗೆ ಒಗ್ಗಿಕೊಂಡು ಬೂಕ್‌ಮೋಲ್ ಆಯಿತು. ಇನ್ನೊಂದು ಕಡೆ ಈವಾರ್ ಓಸೆನ್ ಎಂಬ ರೈತನ ಮಗ 1842ರಿಂದ 1846ರವರೆಗೆ ಹಳ್ಳಿ ಹಳ್ಳಿ ಸುತ್ತಿ, ಜನ ಹೇಗೆ ಮಾತಾಡುತ್ತಾರೋ ಅದನ್ನು ಬರೆದುಕೊಂಡು, 1848ರಲ್ಲಿ ವ್ಯಾಕರಣ, 1850ರಲ್ಲಿ ನಿಘಂಟು ಹೊರತಂದ. ನ್ಯುನೊರ್ಸ್ಕ್ ಬೆಳೆದದ್ದು ಅದರಿಂದ. ನಿಮ್ಮ ಆ್ಯಪ್‌ನ ‘ಯೈ’ ಓಸ್ಲೋ ಕಡೆಯವರ ಉಚ್ಚಾರಣೆ. ಟ್ರಾಂಡ್‌ಹೈಮ್‌ಗೆ ಅದು ಪರಊರಿನದು.

ಈಗ ನಿಮ್ಮ ಮೀಟಿಂಗ್ ವಿಷಯ. ‘ನಿಮ್ಮ ಹೆಸರೇನು’ ಅನ್ನೋದಕ್ಕೆ ‘ವಾ ಹೇತರ್ ದು’ ಅಂತ ಕಲಿತಿದ್ದೀರಿ, ಅಲ್ವಾ? ಟ್ರಾಂಡ್‌ಹೈಮ್‌ನಿಂದ ಉತ್ತರಕ್ಕೆ ‘ಕಾ ದು ಹೈತೆ’ ಅನ್ನುವ ಥರದ ಪ್ರಶ್ನೆ ಕೇಳಿಸುತ್ತದೆ. ಪದಗಳಷ್ಟೇ ಅಲ್ಲ, ಅವುಗಳ ಜಾಗವೂ ಬದಲಾಗಿದೆ: ಕ್ರಿಯಾಪದ (‘ಹೇತರ್’, ಇಲ್ಲಿ ‘ಹೈತೆ’) ಎರಡನೇ ಸ್ಥಾನ ಬಿಟ್ಟು ಕೊನೆಗೆ ಹೋಗಿದೆ. ಜೊತೆಗೆ ಅಲ್ಲಿ ಕ್ರಿಯಾಪದಗಳ ಕೊನೆಯ ಸ್ವರ ಎಷ್ಟೋ ಸಲ ಬಿದ್ದುಹೋಗುತ್ತದೆ, ‘ಇಲ್ಲ’ ಎಂಬರ್ಥದ ‘ಇಕ್ಕೆ’ ‘ಇಚ್’ ಆಗುತ್ತದೆ. ಪಾಠದಲ್ಲಿ ಕಲಿತ ಕಿವಿಗೆ ವಾಕ್ಯ ಮುಗಿದದ್ದೇ ಗೊತ್ತಾಗುವುದಿಲ್ಲ.

ಆದರೆ ಕನ್ನಡದವರಿಗೆ ಒಂದು ಅನುಕೂಲ ಇದೆ, ಇದನ್ನು ಯಾರೂ ಹೇಳುವುದಿಲ್ಲ. ‘ರ್’ ಆದಮೇಲೆ ತ, ನ, ಸ ಬಂದರೆ ನಾರ್ವೆಯ ಬಹುಭಾಗದಲ್ಲಿ ಎರಡೂ ಸೇರಿ ಟ, ಣ, ಷ ಆಗುತ್ತವೆ. ಮಗು ಅನ್ನುವ ‘ಬಾರ್ನ್’ ‘ಬಾಣ್’ ಆಗುತ್ತದೆ. ಇಂಗ್ಲಿಷ್‌ನವರು ನಾಲಿಗೆ ಹೊರಳಿಸಿ ಸುಸ್ತಾಗುವ ಜಾಗ ಅದು, ನಮಗೆ ವರ್ಣಮಾಲೆಯಲ್ಲೇ ಸಿಕ್ಕಿದ್ದು. ಟ್ರಾಂಡ್‌ಹೈಮ್ ಕಡೆ ಗಂಡಸು ಎಂಬರ್ಥದ ‘ಮನ್’ ಅನ್ನುವುದನ್ನು ‘ಮಞ್’ ಅನ್ನುವವರೂ ಸಿಗುತ್ತಾರೆ, ಸುಮ್ನೆ ಬಾಯಿಪಾಠ ಮಾಡಿದ ಞಕಾರ ಕಡೆಗೂ ಕೆಲಸಕ್ಕೆ ಬಂತು! ಬರ್ಗೆನ್‌ಗೆ ಹೋದರೆ ಮಾತ್ರ ಈ ಆಟ ನಡೆಯೋದಿಲ್ಲ, ಅಲ್ಲಿ ‘ರ’ ಗಂಟಲಿನಿಂದ ಬರುತ್ತದೆ.

ಕಲಿಯೋದು ಎಲ್ಲಿ? ಮೊದಲು ನಿಮ್ಮೂರಿನ ವಿಶ್ವವಿದ್ಯಾಲಯ ಎನ್‌ಟಿಎನ್‌ಯು ಕಡೆ ನೋಡಿ. ಉತ್ತರದ ಗಾಳಿ ಮತ್ತು ಸೂರ್ಯನ ಈಸೋಪನ ಕಥೆಯನ್ನು ಬೇರೆ ಬೇರೆ ಊರಿನವರಿಂದ ಓದಿಸಿ ಅವರು ಇಟ್ಟಿದ್ದಾರೆ. ಕಥೆ ಒಂದೇ ಆದ್ದರಿಂದ ಅರ್ಥಕ್ಕೆ ತಡಕಾಡಬೇಕಿಲ್ಲ, ಕಿವಿ ಪೂರ್ತಿ ಧ್ವನಿಯ ಮೇಲೇ ಇರುತ್ತದೆ. ಇದಕ್ಕಿಂತ ಒಳ್ಳೆಯ ಶುರು ನನಗೆ ಗೊತ್ತಿಲ್ಲ. ಆಮೇಲೆ ಓಸ್ಲೋ ವಿಶ್ವವಿದ್ಯಾಲಯದ ನಾರ್ಡಿಕ್ ಡಯಲೆಕ್ಟ್ ಕಾರ್ಪಸ್, ಅಂದರೆ ಆ ಕಡೆಯ ದೇಶಗಳ ಆಡುಮಾತುಗಳ ಸಂಗ್ರಹ. ಅದರಲ್ಲಿ ಹಳ್ಳಿಯವರ ಸಹಜ ಮಾತುಕತೆ ಇದೆ. ಅದರ ನಾರ್ವೆ ಭಾಗದಲ್ಲಿ ಆಡಿದ ಹಾಗೇ ಬರೆದ ರೂಪವೂ ಬೂಕ್‌ಮೋಲ್ ರೂಪವೂ ಜೊತೆಜೊತೆಗೆ ಸಿಗುತ್ತವೆ. ಹನ್ನೆರಡು ಸಂಪುಟಗಳ ನಾರ್ಸ್ಕ್ ಊರ್ಡ್‌ಬೂಕ್ ನಿಘಂಟು 2016ರಲ್ಲಿ ಮುಗಿಯಿತು, ಒಂದು ಪದ ಯಾವ ಸೀಮೆಯದು ಅಂತ ಹುಡುಕುವುದಕ್ಕೆ ಅದು. ಈಗಲೇ ಅದಕ್ಕೆ ಕೈಹಾಕಬೇಡಿ.

ಸ್ವೀಡನ್, ಡೆನ್ಮಾರ್ಕ್‌ನಲ್ಲಿ ಇಷ್ಟು ಧಾರಾಳತನ ಇಲ್ಲ, ಡೆನ್ಮಾರ್ಕ್‌ನಲ್ಲಂತೂ ಊರಿನ ಮಾತುಗಳು ಬಹಳ ಸವೆದಿವೆ. ಆದರೂ ಕುತೂಹಲ ಇದ್ದರೆ ಸ್ವೀಡಿಷ್‌ಗೆ ‘ಸ್ವೇಡಿಯಾ’ ಧ್ವನಿಸಂಗ್ರಹ ಇದೆ, ಒಂದೊಂದು ಊರಿನ ಹಿರಿಯರ ಮಾತು, ಕಿರಿಯರ ಮಾತು ಎರಡನ್ನೂ ಕೇಳಬಹುದು. ಡೆನ್ಮಾರ್ಕ್‌ನ ಜಟ್‌ಲ್ಯಾಂಡ್ ಮಾತಿಗೆ ಆರ್ಹುಸ್ ವಿಶ್ವವಿದ್ಯಾಲಯದ ನಿಘಂಟು ಇದೆ.

ಕೊನೆಯ ಪ್ರಶ್ನೆ, ಅವರ ಹಾಗೇ ಮಾತಾಡಬೇಕಾ? ಬೇಡ. ಕಲಿತದ್ದನ್ನೇ ಗಟ್ಟಿಯಾಗಿ ಆಡಿ, ಎಲ್ಲರಿಗೂ ಅರ್ಥವಾಗುತ್ತದೆ. ಅವಸರಕ್ಕೆ ‘ಯೈ’ ಒಂದು, ‘ಇಚ್’ ಒಂದು ಬೆರೆಸಿದರೆ ಕೇಳುವವರಿಗೂ ಗೊಂದಲ, ನಿಮಗೂ ಗೊಂದಲ. ವರ್ಷ ಕಳೆದ ಮೇಲೆ ‘ಆ್ಯ’ ತಾನಾಗಿ ಬಾಯಿಗೆ ಬಂದರೆ ಬರಲಿ, ತಡೆಯಬೇಡಿ.

— ಸಂ.